ಇದು ಯಾವ ಸ್ಟ್ರಾಸ್? ಒಂದೇ ಹೆಸರಿನ ಹಲವರ ನಡುವೆ ದಾರಿ ತಪ್ಪದೆ ಓದುವುದು ಹೇಗೆ

ನನ್ನ ನೋಟ್‌ಬುಕ್‌ನಲ್ಲಿ ಒಂದು ಸಾಲು ಇತ್ತು: "ಎಲ್. ಸ್ಟ್ರಾಸ್, ಅಮೆರಿಕ, 1953, ಮತ್ತೆ ನೋಡಬೇಕು." ಬರೆಯುವಾಗ ಯಾರ ಬಗ್ಗೆ ಅಂತ ಚೆನ್ನಾಗಿಯೇ ಗೊತ್ತಿತ್ತು. ಎರಡು ತಿಂಗಳು ಬಿಟ್ಟು ತೆಗೆದು ನೋಡಿದರೆ ತಲೆಬುಡ ತಿಳಿಯಲಿಲ್ಲ. 1953ರಲ್ಲಿ ರಾಜಕೀಯ ತತ್ವಜ್ಞಾನಿ ಲಿಯೋ ಸ್ಟ್ರಾಸ್ ಅವರ 'ನ್ಯಾಚುರಲ್ ರೈಟ್ ಅಂಡ್ ಹಿಸ್ಟರಿ' ಹೊರಬಂತು. ಅದೇ ವರ್ಷ, ಅದೇ ದೇಶದಲ್ಲಿ, ಲೂಯಿಸ್ ಸ್ಟ್ರಾಸ್ ಎನ್ನುವವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. ಇಬ್ಬರೂ ಎಲ್. ಸ್ಟ್ರಾಸ್. ಇಬ್ಬರೂ ಯಹೂದಿ ಮನೆತನದವರು. ಶೀತಲ ಸಮರದ ಕಾಲದ ಬರಹಗಳಲ್ಲಿ ಇಬ್ಬರ ಹೆಸರೂ ಬರುತ್ತದೆ. ನಾನು ಲಿಯೋ ಅವರೇ ಇರಬೇಕು ಅಂತ ಊಹೆ ಮಾಡಿ ಮುಂದೆ ಹೋದೆ. ಊಹೆ ತಪ್ಪಿತ್ತು, ಒಂದು ವಾರದ ಬರವಣಿಗೆ ಪೂರ್ತಿ ಹಾಳಾಯಿತು.

ಆವತ್ತಿನಿಂದ ಸ್ಟ್ರಾಸ್ ಅಂತ ಎಲ್ಲಿ ಕಂಡರೂ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಾಜಕೀಯ ಚಿಂತನೆ ಓದುವವರಿಗೆ, ಅನುವಾದ ಮಾಡುವವರಿಗೆ, ವಿಕಿಪೀಡಿಯಾಗೆ ಬರೆಯುವವರಿಗೆ, ಪರೀಕ್ಷೆಗೆ ನೋಟ್ಸ್ ಮಾಡಿಕೊಳ್ಳುವವರಿಗೆ ಉಪಯೋಗಕ್ಕೆ ಬರಬಹುದು. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕುವುದು ಸಣ್ಣ ತಪ್ಪು ಅಂತ ನನಗೆ ಅನಿಸುವುದಿಲ್ಲ. ಹಳೆಯ ಲೇಖಕರನ್ನು ಅವರು ತಮ್ಮನ್ನು ತಾವು ಅರ್ಥಮಾಡಿಕೊಂಡ ಹಾಗೆಯೇ ಅರ್ಥಮಾಡಿಕೊಳ್ಳಬೇಕು ಅಂತ ಲಿಯೋ ಸ್ಟ್ರಾಸ್ ಜೀವನಪೂರ್ತಿ ಹೇಳಿಕೊಂಡು ಬಂದರು. ಅಂಥವರನ್ನು ಓದುವಾಗ ಮಾತು ಯಾರದು ಅನ್ನುವುದೇ ತಪ್ಪಿದರೆ ಓದಿ ಏನು ಬಂತು?

ಮೊದಲು ನಿಮ್ಮ ಮನುಷ್ಯನನ್ನು ಗಟ್ಟಿ ಮಾಡಿಕೊಳ್ಳಿ

ಸ್ಟ್ರಾಸ್ ಹೆಸರಿನವರ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ನಿಮಗೆ ಬೇಕಾದ ಒಬ್ಬರನ್ನು ಸರಿಯಾಗಿ ತಿಳಿದುಕೊಂಡರೆ ಮಿಕ್ಕವರು ತಾವಾಗಿ ಪಕ್ಕಕ್ಕೆ ಸರಿಯುತ್ತಾರೆ. ನಮಗೆ ಬೇಕಾದವರು ಲಿಯೋ ಸ್ಟ್ರಾಸ್ ಅಂದುಕೊಳ್ಳೋಣ. ಒಂದು ಹಾಳೆ ತೆಗೆದುಕೊಂಡು ಅವರ ಊರುಗಳನ್ನೂ ವರ್ಷಗಳನ್ನೂ ಒಂದರ ಕೆಳಗೆ ಒಂದು ಬರೆಯಿರಿ.

1899ರ ಸೆಪ್ಟೆಂಬರ್ 20, ಜರ್ಮನಿಯ ಹೆಸ್ಸೆಯ ಕಿರ್ಖ್‌ಹೈನ್ ಎಂಬ ಸಣ್ಣ ಊರಲ್ಲಿ ಹುಟ್ಟು. 1921ರಲ್ಲಿ ಹ್ಯಾಂಬರ್ಗ್‌ನಲ್ಲಿ ತತ್ವಜ್ಞಾನಿ ಎರ್ನ್ಸ್ಟ್ ಕಸೀರರ್ ಕೈಕೆಳಗೆ ಡಾಕ್ಟರೇಟ್. ಆಮೇಲೆ ಬರ್ಲಿನ್‌ನಲ್ಲಿ ಯಹೂದಿ ಅಧ್ಯಯನದ ಒಂದು ಸಂಸ್ಥೆಯಲ್ಲಿ ಕೆಲಸ. 1932ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಸಿಕ್ಕಿ ಪ್ಯಾರಿಸ್‌ಗೆ, ಅಲ್ಲಿಂದ ಇಂಗ್ಲೆಂಡ್‌ಗೆ, 1937ರಲ್ಲಿ ಅಮೆರಿಕಕ್ಕೆ. ಹಿಟ್ಲರ್ ಬಂದ ಮೇಲೆ ವಾಪಸ್ ಹೋಗುವ ಮಾತೇ ಇರಲಿಲ್ಲ. 1938ರಿಂದ 1948ರವರೆಗೆ ನ್ಯೂಯಾರ್ಕ್‌ನ ನ್ಯೂ ಸ್ಕೂಲ್. 1949ರಿಂದ ಸುಮಾರು 20 ವರ್ಷ ಶಿಕಾಗೋ ವಿಶ್ವವಿದ್ಯಾಲಯ. 1973ರ ಅಕ್ಟೋಬರ್ 18, ಅನಾಪೊಲಿಸ್‌ನಲ್ಲಿ ಸಾವು.

ಇದರ ಪಕ್ಕದಲ್ಲಿ ಅವರು ಮತ್ತೆ ಮತ್ತೆ ಮಾತಾಡುವ ಹಳೆಯ ಚಿಂತಕರ ಹೆಸರುಗಳನ್ನು ಬರೆದುಕೊಳ್ಳಿ: ಪ್ಲೇಟೋ, ಕ್ಸೆನೊಫೋನ್, ಮೈಮೊನಿಡೀಸ್, ಅಲ್ ಫಾರಾಬಿ, ಮಾಕಿಯವೆಲ್ಲಿ, ಹಾಬ್ಸ್, ಸ್ಪಿನೋಜಾ. ಈ ಹೆಸರುಗಳಲ್ಲಿ ಎರಡು ಮೂರು ಒಂದೇ ಪುಟದಲ್ಲಿ ಸ್ಟ್ರಾಸ್ ಜೊತೆ ಕಂಡರೆ ಬಹುತೇಕ ಲಿಯೋ ಅವರೇ. ಇನ್ನೊಂದು ಗುರುತು 'ಸಾಲುಗಳ ನಡುವೆ ಬರೆಯುವುದು' ಅನ್ನುವ ಮಾತು. ಆಳುವವರ ಭಯ ಇರುವ ಕಾಲದಲ್ಲಿ ಚಿಂತಕರು ತಮ್ಮ ನಿಜವಾದ ಅಭಿಪ್ರಾಯವನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುವುದಿಲ್ಲ, ಜಾಗ್ರತೆಯಿಂದ ಓದುವವರಿಗೆ ಮಾತ್ರ ಸಿಗುವ ಹಾಗೆ ಒಳಗೆ ಇಡುತ್ತಾರೆ ಅಂತ ಅವರು ವಾದ ಮಾಡಿದರು. ಈ ವಾದ ಒಪ್ಪುವವರೂ ಇದ್ದಾರೆ, ಕೋಪ ಮಾಡಿಕೊಳ್ಳುವವರೂ ಇದ್ದಾರೆ. ನನಗೆ ಅವರ ಎಲ್ಲ ತೀರ್ಮಾನಗಳೂ ಒಪ್ಪಿಗೆ ಇಲ್ಲ, ಆದರೆ ಒಂದು ಪುಸ್ತಕವನ್ನು ಇಷ್ಟು ತಾಳ್ಮೆಯಿಂದ ಓದಬಹುದು ಅಂತ ಕಲಿತದ್ದು ಅವರಿಂದಲೇ.

ಈ ಹಾಳೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಇಷ್ಟು ಜನರಿಗೆ ಒಂದೇ ಹೆಸರು ಹೇಗೆ ಬಂತು

ಇದನ್ನು ತಿಳಿದುಕೊಂಡರೆ ಒಂದು ದೊಡ್ಡ ತಪ್ಪಿನಿಂದ ಪಾರಾಗುತ್ತೀರಿ. ಸರ್‌ನೇಮ್ ಒಂದೇ ಅಂದ ತಕ್ಷಣ ನಂಟಸ್ತಿಕೆ ಹುಡುಕುವ ಅಭ್ಯಾಸ ನಮಗೆಲ್ಲ ಇದೆ ಅಲ್ವಾ? ಸ್ಟ್ರಾಸ್ ವಿಷಯದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಜರ್ಮನ್‌ನಲ್ಲಿ ಈ ಪದಕ್ಕೆ ಉಷ್ಟ್ರಪಕ್ಷಿ ಅಂತಲೂ ಅರ್ಥ, ಹೂಗುಚ್ಛ ಅಂತಲೂ ಅರ್ಥ. ಮನೆಗಳಿಗೆ ನಂಬರ್ ಇಲ್ಲದ ಕಾಲದಲ್ಲಿ ಬಾಗಿಲ ಮೇಲೆ ಒಂದು ಚಿತ್ರ ಹಾಕುತ್ತಿದ್ದರು, ಆ ಚಿತ್ರವೇ ಮನೆಯವರ ಗುರುತು. ಫ್ರಾಂಕ್‌ಫರ್ಟ್‌ನ ಯಹೂದಿ ಬೀದಿಯಲ್ಲಿ ಕೆಂಪು ಗುರಾಣಿಯ ಮನೆಯವರು ರಾತ್‌ಚೈಲ್ಡ್ ಆದದ್ದು ಹೀಗೆಯೇ. ಉಷ್ಟ್ರಪಕ್ಷಿಯ ಗುರುತಿನ ಮನೆಯವರಿಗೆ ಸ್ಟ್ರಾಸ್ ಅಂತ ಹೆಸರು ನಿಂತಿತು.

ಆಮೇಲೆ ಸರ್ಕಾರಗಳು ಬಂದವು. ಎಲ್ಲ ಯಹೂದಿ ಮನೆತನಗಳಿಗೂ ಕಾಯಂ ಸರ್‌ನೇಮ್ ಇರಲೇಬೇಕು ಅಂತ ಆಸ್ಟ್ರಿಯಾದಲ್ಲಿ 1787ರಲ್ಲಿ, ನೆಪೋಲಿಯನ್ನನ ಫ್ರಾನ್ಸ್‌ನಲ್ಲಿ 1808ರಲ್ಲಿ, ಬವೇರಿಯಾದಲ್ಲಿ 1813ರಲ್ಲಿ ಆಜ್ಞೆಗಳಾದವು. ಬೇರೆ ಬೇರೆ ಊರುಗಳಲ್ಲಿ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಮನೆಗಳು ಒಂದೇ ಹೆಸರನ್ನು ಬರೆಸಿಕೊಂಡವು. ಇದರ ಜೊತೆಗೆ ಈ ಹೆಸರಿನ ಕ್ರೈಸ್ತ ಮನೆತನಗಳೂ ಬೇಕಾದಷ್ಟು ಇದ್ದವು. ಹಾಗಾಗಿ ನಂಟು ಇದೆ ಅಂತ ಯಾರಾದರೂ ತೋರಿಸುವವರೆಗೆ ನಂಟು ಇಲ್ಲ ಅಂತಲೇ ಹಿಡಿದು ಓದಿ. ಸ್ಟ್ರಾಸ್ ಅಂದರೆ ಯಹೂದಿ ಅಂತ ತೀರ್ಮಾನ ಮಾಡುವುದೂ ತಪ್ಪು.

ಕನ್ನಡದಲ್ಲಿ ಬರೆದಾಗ ಆಗುವ ಗೋಜಲು

ಇದು ನಮಗೇ ಇರುವ ಕಷ್ಟ, ಅದಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೂಲದಲ್ಲಿ ಒಂದೇ ಥರ ಬರೆಯುವ ಹೆಸರನ್ನು ಒಂದೊಂದು ದೇಶದಲ್ಲಿ ಒಂದೊಂದು ಥರ ಹೇಳುತ್ತಾರೆ. ಜರ್ಮನ್ನರ ಬಾಯಲ್ಲಿ ಅದು ಶ್ಟ್ರೌಸ್. ಲಿಯೋ ಅವರನ್ನು ಅಮೆರಿಕದವರು ಸ್ಟ್ರೌಸ್ ಅನ್ನುತ್ತಾರೆ. ಫ್ರೆಂಚರಿಗೆ ಸ್ತ್ರೋಸ್. ಪರಮಾಣು ಆಯೋಗದ ಲೂಯಿಸ್ ಅವರಂತೂ ತಮ್ಮ ಹೆಸರನ್ನು ಸ್ಟ್ರಾಝ್ ಅಂತಲೇ ಹೇಳುತ್ತಿದ್ದರು, ಇಂಗ್ಲಿಷ್‌ನಲ್ಲಿ ಹುಲ್ಲುಕಡ್ಡಿಗಳಿಗೆ ಹೇಳುವ ಹಾಗೆ. ನಮ್ಮ ಪತ್ರಿಕೆಗಳಲ್ಲಿ ಕ್ರಿಕೆಟಿಗ ಆಂಡ್ರ್ಯೂ ಸ್ಟ್ರಾಸ್ ಅವರಿಂದಾಗಿ 'ಸ್ಟ್ರಾಸ್' ಅನ್ನುವ ರೂಪ ರೂಢಿಗೆ ಬಂದಿದೆ. ನಾನೂ ಅದನ್ನೇ ಬಳಸುತ್ತೇನೆ. ಆದರೆ ಹುಡುಕುವಾಗ ಸ್ಟ್ರಾಸ್, ಸ್ಟ್ರೌಸ್, ಸ್ಟ್ರಾಸ್ಸ್, ಸ್ಟ್ರೋಸ್ ನಾಲ್ಕನ್ನೂ ಹಾಕಿ ನೋಡಿ. ಒಂದು ಹಾಕಿ ಏನೂ ಇಲ್ಲ ಅಂತ ಬಿಟ್ಟುಬಿಡಬೇಡಿ. ಇನ್ನೊಂದು ಮಾತು, ಕನ್ನಡದಲ್ಲಿ ಬರೀ ಸ್ಟ್ರಾಸ್ ಅಂತ ಹುಡುಕಿದರೆ ತತ್ವಜ್ಞಾನಿಗಿಂತ ಮೊದಲು ಈ ಇಂಗ್ಲೆಂಡ್ ಕ್ಯಾಪ್ಟನ್ನೇ ಸಿಗಬಹುದು. 1977ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದವರು, 100 ಟೆಸ್ಟ್ ಆಡಿದವರು, 2011ರ ವಿಶ್ವಕಪ್‌ನಲ್ಲಿ ಭಾರತದ ವಿರುದ್ಧ ಟೈ ಆದ ಆ ಪಂದ್ಯದಲ್ಲಿ 158 ಹೊಡೆದವರು. ಅವರನ್ನು ದಾಟಲು ಹುಡುಕಾಟದಲ್ಲಿ 'ಲಿಯೋ' ಜೊತೆಗೆ 'ತತ್ವಜ್ಞಾನ' ಅಂತಲೂ ಸೇರಿಸಿ.

ಜಾಸ್ತಿ ಜನ ಎಡವುವ ಜಾಗ ಇನ್ನೊಂದಿದೆ. ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲೋಡ್ ಲೆವಿ-ಸ್ಟ್ರಾಸ್ ಅವರದು ಜೋಡಿ ಸರ್‌ನೇಮ್. ನಡುವೆ ಇರುವ ಆ ಸಣ್ಣ ಗೆರೆ ಕನ್ನಡದಲ್ಲಿ ಅಚ್ಚಾಗುವಾಗ ಬಿದ್ದುಹೋಗುತ್ತದೆ, ಮುಂದಿನ 'ಕ್ಲೋಡ್' ಕೂಡ ಬಿದ್ದುಹೋಗುತ್ತದೆ. ಆಗ ಉಳಿಯುವುದು 'ಲೆವಿ ಸ್ಟ್ರಾಸ್'. ಜೀನ್ಸ್ ಪ್ಯಾಂಟಿನ ಲೆವಿ ಸ್ಟ್ರಾಸ್ ಅವರನ್ನು ಕನ್ನಡದಲ್ಲಿ ಬರೆದರೂ ಅದೇ ಅಕ್ಷರಗಳು, ಅದೇ ಕ್ರಮ. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಜೀನ್ಸ್‌ನವರು 1829ರಲ್ಲಿ ಬವೇರಿಯಾದ ಬುಟೆನ್‌ಹೈಮ್‌ನಲ್ಲಿ ಹುಟ್ಟಿ, 1847ರಲ್ಲಿ ಅಮೆರಿಕಕ್ಕೆ ಹೋಗಿ, 1873ರಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯ ಜೊತೆ ತಾಮ್ರದ ರಿವೆಟ್ ಹಾಕಿದ ಪ್ಯಾಂಟಿಗೆ ಪೇಟೆಂಟ್ ಪಡೆದವರು. ಅವರಿಗೆ ಲೆವಿ ಅನ್ನುವುದು ಇಟ್ಟ ಹೆಸರು. ಮಾನವಶಾಸ್ತ್ರಜ್ಞರು 1908ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿ 2009ರಲ್ಲಿ, 100 ವರ್ಷ ತುಂಬಿದ ಮೇಲೆ, ಪ್ಯಾರಿಸ್‌ನಲ್ಲಿ ತೀರಿಕೊಂಡವರು. ಅವರಿಗೆ ಲೆವಿ ಅನ್ನುವುದು ಮನೆತನದ ಹೆಸರಿನ ಭಾಗ.

ಈ ಗೊಂದಲ ಅವರನ್ನೇ ಬೆನ್ನು ಹತ್ತಿತ್ತು. 1941ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದಾಗ, ಪಾಠ ಹೇಳಲು ಹೋದ ಕಡೆ ಅವರ ಹೆಸರನ್ನು 'ಕ್ಲೋಡ್ ಎಲ್. ಸ್ಟ್ರಾಸ್' ಅಂತ ಬದಲಿಸಿದರು. ಜೀನ್ಸ್ ನೆನಪಾಗಿ ವಿದ್ಯಾರ್ಥಿಗಳು ನಗುತ್ತಾರೆ ಅನ್ನುವುದು ಕಾರಣ. ಮುಂದೆ ಕ್ಯಾಲಿಫೋರ್ನಿಯಾದ ಒಂದು ಹೋಟೆಲ್‌ನಲ್ಲಿ ಟೇಬಲ್‌ಗೆ ಕಾಯುವಾಗ ಹೆಸರು ಹೇಳಿದರೆ, ಪ್ಯಾಂಟಿನವರೋ ಪುಸ್ತಕದವರೋ ಅಂತ ವೇಟರ್ ಕೇಳಿದನಂತೆ. ಜೀನ್ಸ್ ಕಳಿಸಿ ಅಂತ ಅವರಿಗೆ ಪತ್ರಗಳೂ ಬರುತ್ತಿದ್ದವು. ಹಾಗಾಗಿ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ: ಮಾನವಶಾಸ್ತ್ರಜ್ಞರ ಹೆಸರು ಬರೆಯುವಾಗ ನಡುವಿನ ಗೆರೆ ಬಿಡಬೇಡಿ, ಮೊದಲ ಸಲವಾದರೂ 'ಕ್ಲೋಡ್' ಬಿಡಬೇಡಿ. ಇದೇ ಗೆರೆ ಡೊಮಿನಿಕ್ ಸ್ಟ್ರಾಸ್-ಕಾನ್ ಅವರಲ್ಲೂ ಇದೆ. 2007ರಿಂದ 2011ರವರೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯಸ್ಥರಾಗಿದ್ದ ಅವರನ್ನು ಬರೀ ಸ್ಟ್ರಾಸ್ ಅಂತ ಕರೆಯುವ ಹಾಗಿಲ್ಲ.

ಜರ್ಮನ್ ಪುಸ್ತಕ ಹುಡುಕುವವರಿಗೆ ಒಂದು ಎಚ್ಚರಿಕೆ. ಹೆಸರಿನ ಕೊನೆಗೆ ಎರಡು 'ಎಸ್' ಬದಲು ಜರ್ಮನ್‌ನದೇ ಒಂದು ಅಕ್ಷರ ಇರಬಹುದು, ಅದನ್ನು ಎಸ್‌ತ್ಸೆಟ್ ಅನ್ನುತ್ತಾರೆ, ನೋಡಲು ಇಂಗ್ಲಿಷ್‌ನ ದೊಡ್ಡ 'ಬಿ' ಥರ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಸಾಫ್ಟ್‌ವೇರ್ ಎಷ್ಟೋ ಸಲ ಅದನ್ನು 'ಬಿ' ಅಂತಲೇ ಓದಿಬಿಡುತ್ತದೆ. ಹಾಗೆ ಕಂಡರೆ ಬೇರೆ ಯಾರೋ ಅಂತ ಬಿಟ್ಟು ಹೋಗಬೇಡಿ. ಕೊನೆಗೆ ಒಂದೇ 'ಎಸ್' ಇದ್ದರೆ ಮಾತ್ರ ಸಾಮಾನ್ಯವಾಗಿ ಬೇರೆ ಮನೆತನ. ಟೈಟಾನಿಕ್‌ನಲ್ಲಿ ಹೆಂಡತಿ ಐಡಾ ಜೊತೆ ಮುಳುಗಿದ ಇಸಿಡೋರ್ ಸ್ಟ್ರಾಸ್ ಮತ್ತು ಅವರ ತಮ್ಮಂದಿರು ಈ ಒಂದೇ 'ಎಸ್' ಮನೆಯವರು. ಕನ್ನಡಕ್ಕೆ ಬಂದ ಮೇಲೆ ಈ ಗುರುತೂ ಅಳಿಸಿಹೋಗುತ್ತದೆ, ಅದಕ್ಕೆ ಮೂಲದ ಸ್ಪೆಲಿಂಗ್ ನಿಮ್ಮ ನೋಟ್ಸ್‌ನಲ್ಲಿ ಇರಲಿ.

ಮೊದಲ ಅಕ್ಷರ ನಂಬಬೇಡಿ, ಊರನ್ನೂ ಪೂರ್ತಿ ನಂಬಬೇಡಿ

ಎಲ್. ಸ್ಟ್ರಾಸ್ ಅಂದರೆ ಲಿಯೋ, ಲೂಯಿಸ್, ಲೆವಿ, ಕೆಲವೊಮ್ಮೆ ಕ್ಲೋಡ್ ಕೂಡ. ಹೋಗಲಿ, ಊರು ನೋಡೋಣ ಅಂದರೆ ಅಲ್ಲೂ ಕಷ್ಟ. ನ್ಯೂಯಾರ್ಕ್‌ನ ನ್ಯೂ ಸ್ಕೂಲ್‌ನಲ್ಲಿ 1940ರ ದಶಕದಲ್ಲಿ ಲಿಯೋ ಇದ್ದರು, ಅದೇ ಸಮಯದಲ್ಲಿ ಕ್ಲೋಡ್ ಕೂಡ ಅಲ್ಲಿ ಪಾಠ ಹೇಳಿದರು. ಯುರೋಪಿನಿಂದ ಓಡಿಬಂದ ವಿದ್ವಾಂಸರಿಗೆ ಬಾಗಿಲು ತೆರೆದ ಸಂಸ್ಥೆ ಅದು. ಹಾಗಾಗಿ 'ನ್ಯೂ ಸ್ಕೂಲ್, ಸ್ಟ್ರಾಸ್, 1942' ಅಂತ ಇದ್ದರೆ ಇನ್ನೂ ತೀರ್ಮಾನ ಆಗಿಲ್ಲ ಅಂತಲೇ ಅರ್ಥ.

ಶಿಕಾಗೋ ಕೂಡ ಹಾಗೆಯೇ. ಅನ್ಸೆಲ್ಮ್ ಸ್ಟ್ರಾಸ್ ಅಂತ ಒಬ್ಬ ಸಮಾಜಶಾಸ್ತ್ರಜ್ಞರು, 1916ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡವರು, ಶಿಕಾಗೋದಲ್ಲೇ 1945ರಲ್ಲಿ ಡಾಕ್ಟರೇಟ್ ಪಡೆದವರು. ಬಾರ್ನಿ ಗ್ಲೇಸರ್ ಜೊತೆ 1967ರಲ್ಲಿ 'ಗ್ರೌಂಡೆಡ್ ಥಿಯರಿ' ಅನ್ನುವ ಸಂಶೋಧನಾ ವಿಧಾನವನ್ನು ಕೊಟ್ಟರು. ಸಂಶೋಧನೆ ಮಾಡುವ ಹುಡುಗರಿಗೆ ಲಿಯೋ ಅವರಿಗಿಂತ ಇವರ ಹೆಸರೇ ಹೆಚ್ಚು ಪರಿಚಯ. ಗುರುತಿಸುವುದು ಸುಲಭ: ಸಂದರ್ಶನ, ದತ್ತಾಂಶ, ರೋಗಿಗಳು, ಆಸ್ಪತ್ರೆ ಅನ್ನುವ ಮಾತುಗಳ ನಡುವೆ ಸ್ಟ್ರಾಸ್ ಬಂದರೆ ಅನ್ಸೆಲ್ಮ್. ಪ್ಲೇಟೋ ಬಂದರೆ ಲಿಯೋ.

ವಿಷಯ 'ರಾಜಕೀಯ' ಅಂತ ಇದ್ದರೂ ನಿಶ್ಚಿಂತೆ ಇಲ್ಲ. ಪಶ್ಚಿಮ ಜರ್ಮನಿಯಲ್ಲಿ ಫ್ರಾಂಜ್ ಯೋಸೆಫ್ ಸ್ಟ್ರಾಸ್ ಅಂತ ದೊಡ್ಡ ರಾಜಕಾರಣಿ ಇದ್ದರು. 1956ರಿಂದ 1962ರವರೆಗೆ ರಕ್ಷಣಾ ಮಂತ್ರಿ, ಒಂದು ವಾರಪತ್ರಿಕೆಯ ಕಚೇರಿ ಮೇಲೆ ದಾಳಿಯಾದ ಗಲಾಟೆಯಲ್ಲಿ ಹುದ್ದೆ ಬಿಡಬೇಕಾಯಿತು, ಮುಂದೆ 1978ರಿಂದ 1988ರಲ್ಲಿ ಸಾಯುವವರೆಗೆ ಬವೇರಿಯಾದ ಮುಖ್ಯಮಂತ್ರಿ. ಮ್ಯೂನಿಕ್ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು. 'ಸಂಪ್ರದಾಯವಾದಿ ಸ್ಟ್ರಾಸ್' ಅಂತ ಎಲ್ಲಾದರೂ ಓದಿದರೆ ಚುನಾವಣೆಯ ಮಾತೋ ಪುಸ್ತಕದ ಮಾತೋ ಅಂತ ನೋಡಿ. ಲಿಯೋ ಅವರು ಯಾವ ಚುನಾವಣೆಗೂ ನಿಂತವರಲ್ಲ.

ಸಂಗೀತದ ಸ್ಟ್ರಾಸ್‌ಗಳು

ತತ್ವಜ್ಞಾನದ ಓದುಗರಿಗೆ ಸಂಗೀತದವರು ಯಾಕೆ ಅಂತ ಕೇಳಬಹುದು. ಲೈಬ್ರರಿಯಲ್ಲಿ, ಇಂಟರ್‌ನೆಟ್‌ನಲ್ಲಿ, ಎಲ್ಲ ಕಡೆ ಸ್ಟ್ರಾಸ್ ಅಂದರೆ ಮೊದಲು ಸಿಗುವವರು ಅವರೇ, ಅದಕ್ಕೆ. ವಿಯೆನ್ನಾದಲ್ಲಿ ಅಪ್ಪ ಯೋಹಾನ್ (1804–1849), ಮಗ ಯೋಹಾನ್ (1825–1899), ಮಗನ ತಮ್ಮಂದಿರು ಯೋಸೆಫ್ ಮತ್ತು ಎಡ್ವರ್ಡ್. ಎಡ್ವರ್ಡ್ ಮಗನ ಹೆಸರೂ ಯೋಹಾನ್. ಅಪ್ಪನದು 'ರಾಡೆಟ್ಸ್ಕಿ ಮಾರ್ಚ್', ಮಗನದು 'ಬ್ಲೂ ಡ್ಯಾನ್ಯೂಬ್'. ವಿಯೆನ್ನಾದ ಹೊಸ ವರ್ಷದ ಕಛೇರಿಯ ಕೊನೆಗೆ ಇವೆರಡನ್ನೂ ಒಂದರ ಹಿಂದೆ ಒಂದು ನುಡಿಸುತ್ತಾರೆ, ಹೋಲಿಸಿ ಕೇಳಲು ಅದು ಒಳ್ಳೆಯ ಸಂದರ್ಭ.

ರಿಚರ್ಡ್ ಸ್ಟ್ರಾಸ್ (1864–1949) ಮ್ಯೂನಿಕ್‌ನವರು. ವಿಯೆನ್ನಾ ಮನೆಗೂ ಅವರಿಗೂ ಸಂಬಂಧವೇ ಇಲ್ಲ. ಅವರ 'ರೋಸೆನ್‌ಕವಲಿಯರ್' ಒಪೆರಾದಲ್ಲಿ ವಿಯೆನ್ನಾ ಮನೆಯವರಿಗೆ ಹೆಸರು ತಂದ ವಾಲ್ಟ್ಸ್ ಎಂಬ ನೃತ್ಯಸಂಗೀತವೇ ಇರುವುದರಿಂದ ಜನ ಇನ್ನೂ ಗೊಂದಲ ಮಾಡಿಕೊಳ್ಳುತ್ತಾರೆ. 1968ರ '2001: ಎ ಸ್ಪೇಸ್ ಒಡಿಸ್ಸಿ' ಸಿನಿಮಾ ನೋಡಿದ್ದರೆ ಇಬ್ಬರನ್ನೂ ಕೇಳಿದ್ದೀರಿ: ಶುರುವಿನ ಸೂರ್ಯೋದಯಕ್ಕೆ ರಿಚರ್ಡ್, ಬಾಹ್ಯಾಕಾಶ ನಿಲ್ದಾಣದ ಹತ್ತಿರ ಹಡಗು ಬರುವಾಗ ಮಗ ಯೋಹಾನ್. ಇನ್ನು ಪ್ಯಾರಿಸ್‌ನಲ್ಲಿ ಮೂರನೇ ನೆಪೋಲಿಯನ್ನನ ಅರಮನೆಯ ನೃತ್ಯಗಳಿಗೆ ವಾದ್ಯವೃಂದ ನಡೆಸುತ್ತಿದ್ದ ಇಸಾಕ್ ಸ್ಟ್ರಾಸ್ (1806–1888) ಬೇರೆ. ಅವರು ಮಾನವಶಾಸ್ತ್ರಜ್ಞ ಕ್ಲೋಡ್ ಅವರ ಮುತ್ತಜ್ಜ. ಇಲ್ಲಿ ಮಾತ್ರ ನಂಟು ನಿಜವಾಗಿಯೂ ಇದೆ.

ವಿಯೆನ್ನಾದಲ್ಲೇ ಇದ್ದ ಆಸ್ಕರ್ ಎಂಬ ಇನ್ನೊಬ್ಬ ಸಂಗೀತಗಾರರು ಈ ಗೋಜಲು ಬೇಡ ಅಂತ ತಮ್ಮ ಹೆಸರಿನ ಕೊನೆಯ ಒಂದು 'ಎಸ್' ಅನ್ನೇ ತೆಗೆದುಹಾಕಿದರು. ಆದರೆ ಅಮೆರಿಕದಲ್ಲಿ ಅದೇ ಹೊತ್ತಿಗೆ, ಒಂದೇ 'ಎಸ್' ಇದ್ದ ಇನ್ನೊಬ್ಬ ಆಸ್ಕರ್ ಸ್ಟ್ರಾಸ್ ಇದ್ದರು. ಇವರು ಟೈಟಾನಿಕ್‌ನ ಇಸಿಡೋರ್ ಅವರ ತಮ್ಮ, 1906ರಲ್ಲಿ ಅಮೆರಿಕ ಸರ್ಕಾರದ ಸಂಪುಟ ಸೇರಿದ ಮೊದಲ ಯಹೂದಿ.

ಮಗ ಯೋಹಾನ್ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅವರ ಮುತ್ತಜ್ಜ ಯಹೂದಿಯಾಗಿ ಹುಟ್ಟಿ ಕ್ಯಾಥೊಲಿಕ್ ಆದವರು. ವಿಯೆನ್ನಾದ ಸೇಂಟ್ ಸ್ಟೀಫನ್ ಕೆಥಡ್ರಲ್‌ನ 1762ರ ಮದುವೆ ದಾಖಲೆಯಲ್ಲಿ ಅದು ಬರೆದಿತ್ತು. ನಾಜಿಗಳಿಗೆ ಈ ಸಂಗೀತ ಬೇಕಿತ್ತು, ಈ ಸಂಗತಿ ಬೇಡವಾಗಿತ್ತು. ದಾಖಲೆ ಪುಸ್ತಕವನ್ನೇ ಬದಲಿಸಿ ಸುಳ್ಳು ಪ್ರತಿ ಇಟ್ಟರು. ಅದೇ ನಾಜಿಗಳಿಂದಾಗಿ ಇನ್ನೊಬ್ಬ ಸ್ಟ್ರಾಸ್, ಲಿಯೋ, ತಮ್ಮ ಊರಿಗೆ ಮರಳಲಾಗದೆ ಹೋದರು. ಒಂದು ಹೆಸರನ್ನು ಸರಿಯಾಗಿ ಬರೆದಿಡುವುದು, ತಪ್ಪಾಗಿ ಬರೆದಿಡುವುದು ಅಂದರೆ ಏನು ಅಂತ ನನಗೆ ಇಲ್ಲಿ ಗೊತ್ತಾಯಿತು.

ನೀಚೆ ಪಕ್ಕದಲ್ಲಿ ಸ್ಟ್ರಾಸ್ ಕಂಡರೆ ನಿಲ್ಲಿ

ನಿಜವಾದ ಬಲೆ ಇದು. ಜರ್ಮನ್ ತತ್ವಜ್ಞಾನಿ ನೀಚೆ ಜೊತೆ ಸ್ಟ್ರಾಸ್ ಅಂದರೆ ತತ್ವಜ್ಞಾನದ ಮಾತು, ಹಾಗಾಗಿ ಲಿಯೋ ಅಂತ ಅನಿಸುತ್ತದೆ. ಆದರೆ ಮೂರು ಜನ ಇರಬಹುದು. 1873ರಲ್ಲಿ ನೀಚೆ ಒಂದು ಕಟುವಾದ ಪುಸ್ತಕ ಬರೆದದ್ದು ಡೇವಿಡ್ ಫ್ರೆಡ್ರಿಕ್ ಸ್ಟ್ರಾಸ್ (1808–1874) ಮೇಲೆ. ಈ ಡೇವಿಡ್ 1835ರಲ್ಲಿ 'ಯೇಸುವಿನ ಜೀವನ' ಬರೆದು, ಸುವಾರ್ತೆಯ ಪವಾಡಗಳನ್ನು ಪುರಾಣಕಥೆಗಳ ಹಾಗೆ ನೋಡಬೇಕು ಅಂದರು. ಅದರಿಂದ ಕೆಲಸ ಹೋಯಿತು. ಜ್ಯೂರಿಕ್‌ನಲ್ಲಿ ಅವರಿಗೆ ಕೆಲಸ ಕೊಡಲು ಹೊರಟಾಗ ಎದ್ದ ವಿರೋಧ 1839ರಲ್ಲಿ ಅಲ್ಲಿನ ಸರ್ಕಾರವನ್ನೇ ಉರುಳಿಸಿತು. ಆ ಪುಸ್ತಕವನ್ನು ಇಂಗ್ಲಿಷ್‌ಗೆ ತಂದವರು ಮುಂದೆ ಜಾರ್ಜ್ ಎಲಿಯಟ್ ಅಂತ ಹೆಸರಾದ ಕಾದಂಬರಿಕಾರ್ತಿ.

ಎರಡನೆಯವರು ರಿಚರ್ಡ್. ನೀಚೆಯ 'ಜರತುಷ್ಟ್ರ' ಪುಸ್ತಕದ ಹೆಸರನ್ನೇ ಇಟ್ಟು 1896ರಲ್ಲಿ ವಾದ್ಯಸಂಗೀತ ರಚಿಸಿದರು. ಮೂರನೆಯವರು ಲಿಯೋ, ಹರೆಯದಲ್ಲಿ ನೀಚೆಯಿಂದ ಸೆಳೆತಕ್ಕೊಳಗಾಗಿ ಕೊನೆಗಾಲದವರೆಗೂ ಅವನ ಬಗ್ಗೆ ಬರೆದವರು. ಬೇರೆ ಮಾಡುವುದು ಹೇಗೆ? ಯಾರು ಯಾರ ಬಗ್ಗೆ ಮಾತಾಡುತ್ತಿದ್ದಾರೆ ಅಂತ ನೋಡಿ. ನೀಚೆ ಸ್ಟ್ರಾಸ್ ಬಗ್ಗೆ ಬರೆದಿದ್ದರೆ ಅದು ಡೇವಿಡ್. ಸ್ಟ್ರಾಸ್ ನೀಚೆ ಬಗ್ಗೆ ಬರೆದಿದ್ದರೆ ಲಿಯೋ, ಯಾಕೆಂದರೆ ನೀಚೆಗೆ ಬುದ್ಧಿ ಕೈಕೊಟ್ಟು 10 ವರ್ಷ ಆದ ಮೇಲೆ ಲಿಯೋ ಹುಟ್ಟಿದ್ದು, ನೀಚೆ ಅವರ ಬಗ್ಗೆ ಬರೆಯುವ ಸಾಧ್ಯತೆಯೇ ಇಲ್ಲ. ಬೈಬಲ್ ವಿಮರ್ಶೆ ಅಂತ ಮಾತ್ರ ಇದ್ದರೆ ಸ್ವಲ್ಪ ತಾಳಿ. ಲಿಯೋ ಅವರ 1930ರ ಮೊದಲ ಪುಸ್ತಕವೂ ಸ್ಪಿನೋಜಾ ಮಾಡಿದ ಧರ್ಮವಿಮರ್ಶೆಯ ಬಗ್ಗೆಯೇ ಇದೆ. ಯೇಸು ಇದ್ದರೆ ಡೇವಿಡ್, ಸ್ಪಿನೋಜಾ ಇದ್ದರೆ ಲಿಯೋ.

'ಸ್ಟ್ರಾಸಿಯನ್' ಅನ್ನುವ ಪದ

ರಾಜಕೀಯ ಬರಹದಲ್ಲಿ ಸ್ಟ್ರಾಸಿಯನ್ ಅಂದರೆ ಲಿಯೋ ಶಿಷ್ಯವರ್ಗ, ಇಲ್ಲವೇ ಅವರ ಥರ ಒಳಗಿನ ಅರ್ಥ ಹುಡುಕುವ ಓದು. ಸಂಗೀತ ವಿಮರ್ಶೆಯಲ್ಲಿ ಅದೇ ಪದ ರಿಚರ್ಡ್ ಶೈಲಿ ಅಂತ ಆಗುತ್ತದೆ. 2003ರ ಇರಾಕ್ ಯುದ್ಧದ ಹೊತ್ತಿಗೆ ಪತ್ರಿಕೆಗಳಲ್ಲಿ ಈ ಪದ ತುಂಬಾ ಓಡಾಡಿತು. ಅಮೆರಿಕ ಸರ್ಕಾರದಲ್ಲಿದ್ದ ಕೆಲವರು ಲಿಯೋ ಪಾಠ ಕೇಳಿದವರು ಅಂತ ಹೇಳಿ ಯುದ್ಧದ ಹೊಣೆಯನ್ನೇ ಅವರ ತಲೆಗೆ ಕಟ್ಟಿದರು. ಅವರು ತೀರಿಕೊಂಡು ಆಗಲೇ 30 ವರ್ಷ. ಅವರ ಮಗಳು, ಗ್ರೀಕ್ ವಿದ್ವಾಂಸೆ ಜೆನ್ನಿ ಸ್ಟ್ರಾಸ್ ಕ್ಲೇ, ನನ್ನ ತಂದೆ ಅಂಥವರಲ್ಲ ಅಂತ ಪತ್ರಿಕೆಗೆ ಬರೆಯಬೇಕಾಯಿತು. ಸ್ಟ್ರಾಸಿಯನ್ ಅಂತ ಕಂಡಾಗ ಅದು ಲಿಯೋ ಹೇಳಿದ್ದೋ, ಅವರ ಶಿಷ್ಯರು ಹೇಳಿದ್ದೋ, ಟೀಕಾಕಾರರು ಅವರ ಬಗ್ಗೆ ಹೇಳಿದ್ದೋ ಅಂತ ಬೇರೆ ಮಾಡಿ. ಶಿಷ್ಯರ ಮಾತನ್ನು ಗುರುವಿನ ಲೆಕ್ಕಕ್ಕೆ ಬರೆಯುವುದು ನ್ಯಾಯ ಅಲ್ಲ.

ಪಕ್ಕಾ ಮಾಡಿಕೊಳ್ಳಲು

ಲೈಬ್ರರಿಯವರು ಈ ಕಷ್ಟವನ್ನು ಬಹಳ ಹಿಂದೆಯೇ ಬಗೆಹರಿಸಿದ್ದಾರೆ, ಸುಮ್ನೆ ಅವರ ದಾರಿ ಹಿಡಿಯಿರಿ. ಕ್ಯಾಟಲಾಗ್‌ನಲ್ಲಿ ಹೆಸರಿನ ಮುಂದೆ ಹುಟ್ಟಿದ ವರ್ಷ, ಸತ್ತ ವರ್ಷ ಹಾಕುತ್ತಾರೆ: 'ಸ್ಟ್ರಾಸ್, ಲಿಯೋ, 1899–1973'. ಪುಸ್ತಕದ ಹೆಸರಿಗಿಂತ ಮೊದಲು ಈ ಸಾಲು ನೋಡಿ. ಹಲವು ದೇಶಗಳ ರಾಷ್ಟ್ರೀಯ ಗ್ರಂಥಾಲಯಗಳ ಇಂಥ ಸಾಲುಗಳನ್ನು ಒಂದು ಕಡೆ ಸೇರಿಸಿದ ವಿಯಾಫ್ (VIAF) ಅನ್ನುವ ತಾಣ ಇದೆ, ಅಲ್ಲಿ ಒಬ್ಬ ವ್ಯಕ್ತಿಗೆ ಒಂದು ನಂಬರ್. ವಿಕಿಡೇಟಾದಲ್ಲೂ ಹಾಗೆ. ಈಗಿನ ಸಂಶೋಧಕರಾದರೆ 16 ಅಂಕಿಗಳ ಆರ್ಕಿಡ್ (ORCID) ನಂಬರ್ ಇರುತ್ತದೆ.

ಚಿತ್ರ ಹಾಕುವವರು ಚಿತ್ರವನ್ನು ಬೇರೆಯಾಗಿ ಪರೀಕ್ಷೆ ಮಾಡಿ. ಹುಡುಕಿದಾಗ ಮೊದಲು ಬಂದ ಫೋಟೋ ಹಾಕುವುದರಿಂದಲೇ ಲಿಯೋ ಲೇಖನಕ್ಕೆ ಬೇರೆಯವರ ಮುಖ ಬರುತ್ತದೆ. ನೀವೇ ಬರೆಯುವಾಗ ಮೊದಲ ಸಲ ಪೂರ್ತಿ ಹೆಸರು, ಕಂಸದಲ್ಲಿ ವರ್ಷಗಳು, ಒಂದೇ ಪದದಲ್ಲಿ ಕಸುಬು. ಒಂದೇ ಲೇಖನದಲ್ಲಿ ಇಬ್ಬರು ಸ್ಟ್ರಾಸ್ ಬಂದರೆ ಕೊನೆಯವರೆಗೂ ಇಟ್ಟ ಹೆಸರಿನಿಂದಲೇ ಕರೆಯಿರಿ, ನಾನು ಇಲ್ಲಿ ಮಾಡುತ್ತಿರುವ ಹಾಗೆ.

ಬೇರೆ ಹೆಸರುಗಳಿಗೂ ಇದೇ ಕ್ರಮ. 1944ರಲ್ಲಿ ಚರ್ಚಿಲ್, ತತ್ವಜ್ಞಾನಿ ಐಸಯ್ಯಾ ಬರ್ಲಿನ್ ಅಂದುಕೊಂಡು ಹಾಡು ಬರೆಯುವ ಅರ್ವಿಂಗ್ ಬರ್ಲಿನ್ ಅವರನ್ನು ಊಟಕ್ಕೆ ಕರೆಸಿ, ಯುದ್ಧ ಯಾವಾಗ ಮುಗಿಯುತ್ತದೆ ಅಂತ ಕೇಳಿದರು. ಚಾರ್ಲ್ಸ್ ಟೇಲರ್ ಅಂದರೆ ಕೆನಡಾದ ತತ್ವಜ್ಞಾನಿಯೂ ಹೌದು, ಯುದ್ಧಾಪರಾಧಗಳಿಗಾಗಿ 2012ರಲ್ಲಿ 50 ವರ್ಷ ಶಿಕ್ಷೆಯಾದ ಲೈಬೀರಿಯಾದ ಮಾಜಿ ಅಧ್ಯಕ್ಷರೂ ಹೌದು. ಅಲ್ಲಿ ಪೂರ್ತಿ ಹೆಸರೂ ಸಾಲದು, ದೇಶ ಬರೆಯಬೇಕು.

ಮೂರು ಚೀಟಿ ಬಿಡಿಸಿ ನೋಡೋಣ

'ಎಲ್. ಸ್ಟ್ರಾಸ್, ನ್ಯೂಯಾರ್ಕ್, 1941, ಕಿರುಕುಳ ಮತ್ತು ಬರವಣಿಗೆ.' ಊರು, ವರ್ಷ ಎರಡೂ ಲಿಯೋಗೂ ಒಪ್ಪುತ್ತವೆ, ಕ್ಲೋಡ್‌ಗೂ ಒಪ್ಪುತ್ತವೆ. ವಿಷಯ ತೀರ್ಮಾನ ಹೇಳುತ್ತದೆ: ನ್ಯೂ ಸ್ಕೂಲ್‌ನವರ ಪತ್ರಿಕೆ 'ಸೋಶಿಯಲ್ ರಿಸರ್ಚ್'ನಲ್ಲಿ ಆ ವರ್ಷ ಬಂದ ಲಿಯೋ ಪ್ರಬಂಧ ಇದು, 1952ರಲ್ಲಿ ಇದೇ ಹೆಸರಿನ ಪುಸ್ತಕವೂ ಆಯಿತು.

'ಸ್ಟ್ರಾಸ್, ನ್ಯೂಯಾರ್ಕ್, 1945, ಭಾಷಾಶಾಸ್ತ್ರ, ಮಾನವಶಾಸ್ತ್ರ.' ಲಿಯೋ ಆಗ ನ್ಯೂಯಾರ್ಕ್‌ನಲ್ಲೇ ಇದ್ದರು, ಆದರೆ ವಿಷಯ ಅವರದಲ್ಲ. 'ವರ್ಡ್' ಪತ್ರಿಕೆಯಲ್ಲಿ ಬಂದ ಕ್ಲೋಡ್ ಲೆವಿ-ಸ್ಟ್ರಾಸ್ ಲೇಖನ.

ಮೂರನೆಯದು ನನ್ನದೇ ಚೀಟಿ: 'ಎಲ್. ಸ್ಟ್ರಾಸ್, ಅಮೆರಿಕ, 1953.' ವರ್ಷ ಇಬ್ಬರದು, ದೇಶ ಇಬ್ಬರದು, ಅಕ್ಷರ ಇಬ್ಬರದು, ವಿಷಯ ನಾನು ಬರೆದೇ ಇರಲಿಲ್ಲ. ಕೊನೆಗೆ ಆ ಪುಟವನ್ನು ಪೂರ್ತಿ ನೋಡಿದೆ. ಮೇಲ್ತುದಿಯಲ್ಲಿ ಬೇರೆ ಪೆನ್ನಿನಲ್ಲಿ 'ಒಪೆನ್‌ಹೈಮರ್ ವಿಚಾರಣೆ, 1954' ಅಂತ ಇತ್ತು. ಅಣುಬಾಂಬಿನ ವಿಜ್ಞಾನಿ ಒಪೆನ್‌ಹೈಮರ್ ಅವರ ಆ ವಿಚಾರಣೆಯ ಹಿಂದೆ ನಿಂತವರು ಪರಮಾಣು ಆಯೋಗದ ಅಧ್ಯಕ್ಷರು. ಈಗ ಆ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದಿದ್ದೇನೆ: ಲೂಯಿಸ್ ಸ್ಟ್ರಾಸ್, 1896–1974, ಹೇಳುವುದು ಸ್ಟ್ರಾಝ್ ಅಂತ.